ನಾಲ್ಕು ಜನ ಕೂತರೆ ಬೋಟ್ ಏಳುತ್ತಿಲ್ಲ: ದೊಡ್ಡ ಎಂಜಿನ್ ತರುವ ಮೊದಲು ಏನೇನು ನೋಡಬೇಕು?

ಪ್ರಶ್ನೆ: ನನ್ನದು 16 ಅಡಿಯ ಫೈಬರ್ ಬೋಟ್. ಹಿಂದೆ 60 ಎಚ್‌ಪಿಯ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ ಇದೆ. ಎರಡೂ ಸೆಕೆಂಡ್ ಹ್ಯಾಂಡ್. ಇಬ್ಬರೇ ಇದ್ದಾಗ ಪರವಾಗಿಲ್ಲ, ಓಡುತ್ತದೆ. ನಾಲ್ಕು ಜನ ಕೂತರೆ ಮೂತಿ ಎತ್ತಿಕೊಂಡು ನೀರನ್ನು ದಬ್ಬುತ್ತಾ ಹೋಗುತ್ತದೆ, ಪ್ಲೇನ್ ಆಗುವುದೇ ಇಲ್ಲ, ಅಂದರೆ ಮೇಲೆದ್ದು ನೀರಿನ ಮೇಲೆ ಜಾರುವುದೇ ಇಲ್ಲ. ಇಬ್ಬರಿದ್ದಾಗಲೂ ಫುಲ್ ಥ್ರಾಟಲ್‌ನಲ್ಲಿ ಆರ್‌ಪಿಎಂ 4700 ದಾಟುವುದಿಲ್ಲ. ಮ್ಯಾನುಯಲ್‌ನಲ್ಲಿ 5000ದಿಂದ 6000 ಎಂದಿದೆ. ಜಿಪಿಎಸ್‌ನಲ್ಲಿ ಗಂಟೆಗೆ 46 ಕಿ.ಮೀ. ಮೇಲೆ ಹೋಗಿಲ್ಲ. ಜೋರಾಗಿ ತಿರುಗಿಸಿದರೆ ಎಂಜಿನ್ ಒಮ್ಮೆಲೇ ಕಿರುಚುತ್ತದೆ, ಬೋಟ್ ಮಾತ್ರ ನಿಂತ ಹಾಗೆ ಆಗುತ್ತದೆ. ಪ್ರೊಪೆಲ್ಲರ್ ಮೇಲೆ ಪಿಚ್ (ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗಬೇಕು ಎಂಬ ಅಳತೆ) 15 ಎಂದಿದೆ. ಒಬ್ಬರು 90 ಎಚ್‌ಪಿ ಎಂಜಿನ್ ಹಾಕಿಸಿ ಎನ್ನುತ್ತಾರೆ. ಇನ್ನೊಬ್ಬರು ಹೈಡ್ರೋಫಾಯಿಲ್ ರೆಕ್ಕೆ ಹಾಕಿದರೆ ಸಾಕು ಎನ್ನುತ್ತಾರೆ. ಯಾವುದು ಸರಿ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ನಿಮ್ಮ ಪ್ರಶ್ನೆಯಲ್ಲೇ ಬಹಳ ಮುಖ್ಯವಾದ ಸುಳಿವು ಒಂದಿದೆ. ಅದು 4700 ಅನ್ನೋ ಸಂಖ್ಯೆ.

ಫುಲ್ ಥ್ರಾಟಲ್‌ನಲ್ಲಿ ಎಂಜಿನ್ ಎಷ್ಟು ಆರ್‌ಪಿಎಂ ಮುಟ್ಟಬೇಕು ಎಂದು ತಯಾರಿಸಿದವರೇ ಒಂದು ಮಿತಿ ಕೊಟ್ಟಿರುತ್ತಾರೆ. ನಿಮ್ಮದಕ್ಕೆ 5000ದಿಂದ 6000. ಮುಚ್ಚಳದ ಮೇಲೆ ಬರೆದಿರುವ 60 ಎಚ್‌ಪಿ ಸಿಗುವುದು ಆ ಮಿತಿಯೊಳಗೆ ಬಂದಾಗ ಮಾತ್ರ. 4700ಕ್ಕೇ ನಿಂತಿದೆ ಎಂದರೆ ನೀವು ದುಡ್ಡು ಕೊಟ್ಟ ಶಕ್ತಿ ಪೂರ್ತಿ ನೀರಿಗೆ ಇಳಿದೇ ಇಲ್ಲ. ಇರುವ 60 ಎಚ್‌ಪಿಯನ್ನೇ ಇನ್ನೂ ಬಳಸಿಲ್ಲ, ಆಗಲೇ 90 ಯಾಕೆ?

ವೇಗ ಬರುವುದಿಲ್ಲ ಅನ್ನೋದು ಬಿಡಿ, ಎಂಜಿನ್ನಿಗೂ ಇದು ಒಳ್ಳೆಯದಲ್ಲ. ಥ್ರಾಟಲ್ ಪೂರ್ತಿ ತೆರೆದಿದ್ದೂ ಮಿತಿಯ ಕೆಳಗೇ ಒದ್ದಾಡುವ ಎಂಜಿನ್, ಟಾಪ್ ಗೇರ್‌ನಲ್ಲೇ ದಿಬ್ಬ ಹತ್ತುವ ಬೈಕಿನ ಹಾಗೆ ದುಡಿಯುತ್ತದೆ. ಒಳಗೆ ಬಿಸಿ ಜಾಸ್ತಿ, ಪಿಸ್ಟನ್ ಮತ್ತು ಬೇರಿಂಗ್ ಮೇಲೆ ಹೊರೆ ಜಾಸ್ತಿ, ಕಾರ್ಬನ್ ಕಟ್ಟುವುದೂ ಜಾಸ್ತಿ. ವರ್ಷಗಟ್ಟಲೆ ಹೀಗೆ ಓಡಿಸಿದರೆ ಎಂಜಿನ್ನಿನ ಆಯಸ್ಸೇ ಕಡಿಮೆಯಾಗುತ್ತದೆ. ಹಾಗಾಗಿ ವೇಗದ ಆಸೆ ಇಲ್ಲದವರೂ ಈ ಸಂಖ್ಯೆಯನ್ನು ಸರಿ ಮಾಡಿಕೊಳ್ಳಬೇಕು.

ಆರ್‌ಪಿಎಂ ಕಡಿಮೆ ಇರಲು ಎರಡೇ ಕಾರಣ. ಎಂಜಿನ್ ಚೆನ್ನಾಗಿದೆ, ಆದರೆ ಅದರ ಮೇಲೆ ಹೊರೆ ಮಿತಿಮೀರಿದೆ. ಇಲ್ಲವೇ ಹೊರೆ ಸರಿಯಾಗೇ ಇದೆ, ಎಂಜಿನ್ನೇ ಶಕ್ತಿ ಕೊಡುತ್ತಿಲ್ಲ. ಇವೆರಡರಲ್ಲಿ ಯಾವುದು ಎಂದು ಬೇರ್ಪಡಿಸಿಕೊಂಡರೆ ಕೆಲಸ ಮುಕ್ಕಾಲು ಮುಗಿದ ಹಾಗೆ. ನೀವು ಹೇಳಿದ ಲಕ್ಷಣ ನೋಡಿದರೆ ನನಗೆ ಮೊದಲನೆಯದರ ಮೇಲೇ ಅನುಮಾನ. ಎಂಜಿನ್ ನಡುಗುತ್ತದೆ, ಕೆಮ್ಮುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಸೊರಗುತ್ತದೆ ಎಂದೆಲ್ಲ ನೀವು ಬರೆದಿಲ್ಲ. ಪ್ರತಿ ಸಲವೂ ಒಂದೇ ಕಡೆ, 4700ಕ್ಕೆ ಬಂದು ನಿಲ್ಲುತ್ತದೆ ಎಂದಿದ್ದೀರಿ. ಹೊರೆ ಜಾಸ್ತಿಯಾದ ಎಂಜಿನ್ ನಡೆದುಕೊಳ್ಳುವುದೇ ಹೀಗೆ. ಆದರೂ ಅನುಮಾನದ ಮೇಲೆ ಸಾಮಾನು ಕೊಳ್ಳಬಾರದು, ನೋಡಿಯೇ ತೀರ್ಮಾನ ಮಾಡೋಣ.

ಮೊದಲು ಆರ್‌ಪಿಎಂ ಮೀಟರ್ ನಿಜ ಹೇಳುತ್ತಿದೆಯಾ ಎಂದು ನೋಡಿ. ಮುಳ್ಳಿರುವ ಹಳೆಯ ಮೀಟರ್‌ಗಳ ಬೆನ್ನಿನಲ್ಲಿ ಒಂದು ಪುಟ್ಟ ತಿರುಪು ಸ್ವಿಚ್ ಇರುತ್ತದೆ. ಯಾವ ಎಂಜಿನ್ನಿಗೆ ಜೋಡಿಸಿದ್ದಾರೋ ಅದಕ್ಕೆ ತಕ್ಕ ಸಂಖ್ಯೆಗೆ ಅದನ್ನು ತಿರುಗಿಸಿಟ್ಟಿರಬೇಕು. ಎಂಜಿನ್ ಬದಲಿಸಿದವರು ಇದನ್ನು ಮರೆತಿರುವುದು ಉಂಟು. ಆಗ ಮೀಟರ್ ತೋರಿಸುವುದೆಲ್ಲ ಸುಳ್ಳು ಲೆಕ್ಕ. ಮೆಕ್ಯಾನಿಕ್ ಬಳಿ ಎಂಜಿನ್ನಿನ ಕಂಪ್ಯೂಟರ್‌ಗೆ ಜೋಡಿಸುವ ಉಪಕರಣ ಇದ್ದರೆ, ಅದರಲ್ಲಿ ಬರುವ ಆರ್‌ಪಿಎಂ ಜೊತೆ ಒಮ್ಮೆ ಹೋಲಿಸಿ ನೋಡಿ.

ಮೀಟರ್ ಸರಿ ಇದೆ ಎಂದಾದರೆ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಗಾಳಿ ಇಲ್ಲದ ಹೊತ್ತು, ನೀರು ಸಮತಟ್ಟಾಗಿರುವ ಜಾಗ ಹುಡುಕಿ. ಎಷ್ಟು ಜನ, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್, ಸಾಮಾನು ಎಲ್ಲೆಲ್ಲಿ ಇದೆ, ಎಲ್ಲ ಬರೆದುಕೊಳ್ಳಿ. ಒಂದೇ ದಾರಿಯಲ್ಲಿ ಹೋಗುತ್ತಾ ಒಮ್ಮೆ, ಬರುತ್ತಾ ಒಮ್ಮೆ ಫುಲ್ ಥ್ರಾಟಲ್‌ನಲ್ಲಿ ಓಡಿಸಿ, ಎರಡರ ಸರಾಸರಿ ತೆಗೆಯಿರಿ. ಹರಿವು, ಗಾಳಿ ಏನೇ ಇದ್ದರೂ ಆಗ ಅದರ ಪ್ರಭಾವ ಬಹುಮಟ್ಟಿಗೆ ಕಳೆದುಹೋಗುತ್ತದೆ. ಆರ್‌ಪಿಎಂ, ಜಿಪಿಎಸ್ ವೇಗ, ನಿಂತಲ್ಲಿಂದ ಪ್ಲೇನ್ ಆಗಲು ಎಷ್ಟು ಸೆಕೆಂಡ್ ಹಿಡಿಯಿತು, ಈ ಮೂರು ಸಾಕು. ಮುಂದೆ ಏನು ಬದಲಿಸಿದರೂ ಇದೇ ಹೊರೆಯಲ್ಲಿ ಇದನ್ನೇ ಮತ್ತೆ ಮಾಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಎಂದು ಗೊತ್ತಾಗುವುದೇ ಇಲ್ಲ.

ಪರೀಕ್ಷೆಗೆ ಹೊರಡುವ ಮುನ್ನ ಎಲ್ಲರೂ ಲೈಫ್ ಜಾಕೆಟ್ ಹಾಕಿಕೊಂಡಿರಲಿ. ಎಂಜಿನ್ ಆರಿಸುವ ಕೆಂಪು ಹಗ್ಗ ಓಡಿಸುವವರ ಮೈಗೆ ಸಿಕ್ಕಿಸಿರಲಿ. ಫುಲ್ ಥ್ರಾಟಲ್‌ನಲ್ಲಿ ತಿರುವು ಪರೀಕ್ಷಿಸುವಾಗ ಒಬ್ಬರು ಜಾರಿ ಬಿದ್ದರೂ ಬಹಳ ಅನಾಹುತ ಆಗುತ್ತದೆ.

ಈಗ ತೂಕದ ವಿಷಯ. ಸಣ್ಣ ಬೋಟಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಟ ಕೊಡುವುದು ಇದೇ. ಪ್ಲೇನ್ ಆಗುವುದು ಎಂದರೆ ಬೋಟ್ ತಾನೇ ಎಬ್ಬಿಸಿದ ಅಲೆಯನ್ನು ಹತ್ತಿ, ಅದರ ಮೇಲೆ ಜಾರಿಕೊಂಡು ಹೋಗುವುದು. ಆ ಏರು ದಾಟುವವರೆಗೆ ನೀರಿನ ಎಳೆತ ಬಹಳ. ದಾಟಿದ ಮೇಲೆ ಅದೇ ವೇಗಕ್ಕೆ ಥ್ರಾಟಲ್ ಎಷ್ಟೋ ಕಡಿಮೆ ಸಾಕು. ಇಬ್ಬರಿದ್ದಾಗ ಹೇಗೋ ದಾಟುತ್ತೀರಿ, ನಾಲ್ವರಿದ್ದಾಗ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ಅಂದರೆ ನೀವು ಅಂಚಿನಲ್ಲಿದ್ದೀರಿ. ಇನ್ನಿಬ್ಬರ ತೂಕ 140-150 ಕಿಲೋ ಎಂದಿಟ್ಟುಕೊಂಡರೆ, ಅಷ್ಟೇ ತೂಕ ಬೋಟಿನೊಳಗೆ ಗೊತ್ತಿಲ್ಲದೆ ಕೂತಿದೆಯಾ ಎಂದು ಹುಡುಕಬೇಕು.

ಎಲ್ಲಿ ಕೂತಿರುತ್ತದೆ? ಒಂದು ಲೀಟರ್ ಪೆಟ್ರೋಲ್ ಸುಮಾರು ಮುಕ್ಕಾಲು ಕಿಲೋ. 100 ಲೀಟರ್ ತುಂಬಿಕೊಂಡು ಹೋದರೆ ಒಬ್ಬ ಮನುಷ್ಯನನ್ನು ಜಾಸ್ತಿ ಕೂರಿಸಿಕೊಂಡ ಹಾಗೆ, ಅದೂ ಸಾಮಾನ್ಯವಾಗಿ ಹಿಂಭಾಗದಲ್ಲಿ. ಲಂಗರು, ಸರಪಳಿ, ಎರಡನೇ ಬ್ಯಾಟರಿ, ಐಸ್ ಬಾಕ್ಸ್, ಸೀಟಿನ ಕೆಳಗೆ ಸೇರಿಕೊಂಡ ಹಳೇ ಹಗ್ಗ, ಒಂದೊಂದನ್ನೂ ಹೊರಗೆ ತೆಗೆದಿಟ್ಟು ನೋಡಿ. ಇವೆಲ್ಲ ಕಣ್ಣಿಗೆ ಕಾಣುವ ತೂಕ.

ಕಾಣದ ತೂಕವೇ ದೊಡ್ಡದು. ಹಳೆಯ ಫೈಬರ್ ಬೋಟುಗಳಲ್ಲಿ ನೆಲದ ಕೆಳಗೆ ಫೋಮ್ ತುಂಬಿರುತ್ತಾರೆ, ಮುಳುಗದೆ ತೇಲಲಿ ಎಂದು. ನೆಲದ ಸ್ಕ್ರೂ ತೂತಿನಿಂದಲೋ ಸಣ್ಣ ಬಿರುಕಿನಿಂದಲೋ ವರ್ಷಗಟ್ಟಲೆ ನೀರು ಇಳಿದರೆ ಆ ಫೋಮ್ ನಿಧಾನವಾಗಿ ನೀರು ಹಿಡಿದುಕೊಳ್ಳುತ್ತದೆ. ಒಂದು ಲೀಟರ್ ನೀರಿಗೆ ಒಂದು ಕಿಲೋ. 16 ಅಡಿಯ ಬೋಟಿನಲ್ಲಿ ಇದು 100 ಕಿಲೋ ದಾಟಿದರೂ ಮೇಲಿನಿಂದ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಬೋಟನ್ನು ಟ್ರೇಲರ್ ಮೇಲೆ ಏರಿಸಿ, ಮೂತಿ ಚೆನ್ನಾಗಿ ಎತ್ತರಕ್ಕೆ ಇಟ್ಟು, ಹಿಂದಿನ ಡ್ರೈನ್ ಪ್ಲಗ್ ತೆಗೆದು ಒಂದು ರಾತ್ರಿ ಹಾಗೇ ಬಿಡಿ. ಕೆಳಗೆ ಒಂದು ಬಕೆಟ್ ಇಡಿ. ಒಂದೆರಡು ಲೋಟ ಬಂದು ನಿಂತರೆ ಅದು ತಳದಲ್ಲಿದ್ದ ಮಾಮೂಲಿ ನೀರು. ಬೆಳಗ್ಗೆಯೂ ಹನಿ ಹನಿಯಾಗಿ ಇಳಿಯುತ್ತಲೇ ಇದ್ದರೆ, ಜೊತೆಗೆ ನೀರು ಕಂದು ಬಣ್ಣಕ್ಕೆ ತಿರುಗಿ ಮುಗ್ಗಲು ವಾಸನೆ ಬರುತ್ತಿದ್ದರೆ, ಒಳಗೆ ಎಲ್ಲೋ ನೀರು ನಿಂತಿದೆ ಎಂದೇ ಅರ್ಥ.

ಇದಕ್ಕಿಂತ ಖಚಿತವಾದ ದಾರಿ ತೂಕ ಹಾಕಿಸುವುದು. ಲಾರಿ ತೂಗುವ ವೇ ಬ್ರಿಡ್ಜ್ ಮೇಲೆ ಟ್ರೇಲರ್ ಸಮೇತ ಒಮ್ಮೆ ತೂಗಿಸಿ. ಬೋಟ್ ನೀರಿಗೆ ಬಿಟ್ಟು ಖಾಲಿ ಟ್ರೇಲರ್ ಇನ್ನೊಮ್ಮೆ ತೂಗಿಸಿ. ವ್ಯತ್ಯಾಸದಲ್ಲಿ ಎಂಜಿನ್, ಪೆಟ್ರೋಲ್, ಬ್ಯಾಟರಿ ಕಳೆದರೆ ಬರೀ ಬೋಟಿನ ತೂಕ ಸಿಗುತ್ತದೆ. ತಯಾರಿಸಿದವರು ಕೊಟ್ಟ ತೂಕದ ಜೊತೆ ಹೋಲಿಸಿ. ದೊಡ್ಡ ಬ್ರಿಡ್ಜ್‌ಗಳಲ್ಲಿ ಹತ್ತಿಪ್ಪತ್ತು ಕಿಲೋ ಆಚೀಚೆ ಆಗುತ್ತದೆ, ಅದನ್ನು ಲೆಕ್ಕಕ್ಕೆ ಇಡಬೇಡಿ. 100 ಕಿಲೋ ಜಾಸ್ತಿ ಬಂದರೆ ಮಾತ್ರ ನೆಲ ಬಿಚ್ಚಿಸಿ ಫೋಮ್ ನೋಡುವುದು ಅನಿವಾರ್ಯ. ಆ ಕೆಲಸ ಬೇಸರದ್ದೇ, ಒಪ್ಪುತ್ತೇನೆ. ಆದರೆ ನೀರು ಕುಡಿದ ಬೋಟಿಗೆ 90 ಎಚ್‌ಪಿ ಹಾಕಿದರೆ ಹಿಂದಿನ ಭಾರ ಇನ್ನೂ ಹೆಚ್ಚುತ್ತದೆ ಅಷ್ಟೇ. ನೆಲ ಬಿಚ್ಚಿದಾಗ ಟ್ರಾನ್ಸಮ್, ಅಂದರೆ ಎಂಜಿನ್ ನೇತುಹಾಕಿರುವ ಹಿಂದಿನ ಗೋಡೆ, ಅದರ ಒಳಗಿನ ಮರ ಕೊಳೆತಿದೆಯಾ ಎಂದೂ ತಟ್ಟಿ ನೋಡಿ. ಕೊಳೆತ ಮರ ಗಟ್ಟಿ ಶಬ್ದ ಕೊಡದೆ ಮಂಕಾಗಿ ಡಬ್ ಎನ್ನುತ್ತದೆ.

ಟ್ರೇಲರ್ ಮೇಲೆ ಇರುವಾಗಲೇ ತಳವನ್ನೂ ನೋಡಿಬಿಡಿ. ನೀರಿನಲ್ಲೇ ಕಟ್ಟಿಡುವ ಬೋಟಾದರೆ ಪಾಚಿ, ಉಪ್ಪುನೀರಿನಲ್ಲಾದರೆ ಗಟ್ಟಿ ಚಿಪ್ಪುಗಳು ಅಂಟಿರುತ್ತವೆ. ಕೈ ಸವರಿದರೆ ಉಪ್ಪು ಕಾಗದದ ಹಾಗೆ ಒರಟಾಗಿದ್ದರೂ ಸಾಕು, ವೇಗ ತಿನ್ನುತ್ತದೆ. ತಿಕ್ಕಿ ತೊಳೆಯುವುದಕ್ಕೆ ಖರ್ಚೇನೂ ಇಲ್ಲ. ಆಮೇಲೆ ಒಂದು ನೇರವಾದ ಅಲ್ಯೂಮಿನಿಯಂ ಪಟ್ಟಿಯನ್ನು ತಳದ ಹಿಂದಿನ ಒಂದೂವರೆ ಮೀಟರ್ ಭಾಗಕ್ಕೆ ಒತ್ತಿ ಹಿಡಿಯಿರಿ. ಪಟ್ಟಿಗೂ ತಳಕ್ಕೂ ಮಧ್ಯೆ ಬೆಳಕು ಕಂಡರೆ ತಳ ಒಳಕ್ಕೆ ಬಾಗಿದೆ ಎಂದು ಅರ್ಥ. ಟ್ರೇಲರಿನ ಆಧಾರಗಳು ತಪ್ಪು ಜಾಗದಲ್ಲಿದ್ದರೆ ಹೀಗಾಗುತ್ತದೆ. ಅಂಥ ತಳ ಓಡುವಾಗ ಮೂತಿಯನ್ನು ಕೆಳಕ್ಕೆ ಒತ್ತಿ ವೇಗ ಕಡಿಮೆ ಮಾಡುತ್ತದೆ. ತಳ ಹೊರಕ್ಕೆ ಉಬ್ಬಿದ್ದರೆ ಇದರ ತದ್ವಿರುದ್ಧ, ಬೋಟ್ ಕುಪ್ಪಳಿಸುತ್ತದೆ.

ತೂಕ, ತಳ ಎರಡೂ ಆದ ಮೇಲೆ, ಪ್ರೊಪೆಲ್ಲರ್ ಮುಟ್ಟುವ ಮೊದಲು ಎಂಜಿನ್ ನೋಡಲೇಬೇಕು. ಇಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ. ಪಿಚ್ ಇಳಿಸಿದರೆ ಕಾಯಿಲೆ ಬಿದ್ದ ಎಂಜಿನ್ನಿನ ಆರ್‌ಪಿಎಂ ಕೂಡ ಏರುತ್ತದೆ. ಸರಿಹೋಯಿತು ಎಂದುಕೊಳ್ಳುತ್ತೀರಿ, ಕಾಯಿಲೆ ಒಳಗೇ ಉಳಿದಿರುತ್ತದೆ.

ಮೊದಲನೆಯದು ಥ್ರಾಟಲ್ ಕೇಬಲ್. ಎಂಜಿನ್ ಆರಿಸಿ, ಮುಚ್ಚಳ ತೆಗೆಯಿರಿ. ಒಬ್ಬರು ಲಿವರ್ ಅನ್ನು ಪೂರ್ತಿ ಮುಂದೆ ತಳ್ಳಲಿ, ನೀವು ಥ್ರಾಟಲ್ ತೋಳು ತನ್ನ ಕೊನೆಯ ತಡೆಗೆ ತಾಗುತ್ತದಾ ನೋಡಿ. ಅರ್ಧ ಬೆರಳಿನಷ್ಟು ಅಂತರ ಉಳಿದರೂ ನೀವು ಇಷ್ಟು ದಿನ ಫುಲ್ ಥ್ರಾಟಲ್ ಕೊಟ್ಟೇ ಇಲ್ಲ ಎಂದಾಯಿತು. ಕೇಬಲ್ ಹಿಗ್ಗಿದ ಸೆಕೆಂಡ್ ಹ್ಯಾಂಡ್ ಬೋಟುಗಳಲ್ಲಿ ಇದು ಅಪರೂಪವೇನಲ್ಲ. ಸರಿ ಮಾಡಲು ಹತ್ತು ನಿಮಿಷ ಸಾಕು.

ಎರಡನೆಯದು ಪೆಟ್ರೋಲ್. ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದ್ದರೆ ಒಳಗೆ ನಿರ್ವಾತ ಹುಟ್ಟಿ ಪೆಟ್ರೋಲ್ ಬರುವುದು ಕಡಿಮೆಯಾಗುತ್ತದೆ. ಓಡುವಾಗ ಪೆಟ್ರೋಲ್ ಪೈಪಿನ ನಡುವೆ ಇರುವ ರಬ್ಬರಿನ ಪ್ರೈಮರ್ ಬಲ್ಬ್ ಮುಟ್ಟಿ ನೋಡಿ. ಅದು ಹೀರಿಕೊಂಡು ಚಪ್ಪಟೆಯಾಗಿದ್ದರೆ ತಡೆ ಇರುವುದು ಟ್ಯಾಂಕಿನ ಕಡೆ. ಟ್ಯಾಂಕಿನ ಗಾಳಿಯ ತಿರುಪು ಬಿಚ್ಚಿ, ಇಲ್ಲವೇ ಮುಚ್ಚಳವನ್ನು ಸ್ವಲ್ಪ ಸಡಿಲಿಸಿ ನೋಡಿ. ಒಡನೆ ಆರ್‌ಪಿಎಂ ಏರಿದರೆ ಕಳ್ಳ ಸಿಕ್ಕಿದ. ಇನ್ನೊಂದು ಪರೀಕ್ಷೆ: ಎಂಜಿನ್ ಸೊರಗಿದಾಗ ಬೇರೆಯವರು ಬಲ್ಬ್ ಹಿಸುಕಲಿ. ಹಿಸುಕಿದಾಗ ಚೇತರಿಸಿಕೊಂಡರೆ ಫ್ಯುಯೆಲ್ ಪಂಪ್ ದುರ್ಬಲವಾಗಿದೆ, ಅಥವಾ ಪೈಪಿನ ಜೋಡಣೆಯಲ್ಲಿ ಎಲ್ಲೋ ಗಾಳಿ ಎಳೆಯುತ್ತಿದೆ.

ನೀರು ಬೇರ್ಪಡಿಸುವ ಫಿಲ್ಟರ್ ಇದ್ದರೆ ಬಿಚ್ಚಿ, ಅದರಲ್ಲಿರುವುದನ್ನು ಒಂದು ಗಾಜಿನ ಬಾಟಲಿಗೆ ಸುರಿದು ಹತ್ತು ನಿಮಿಷ ಅಲುಗಿಸದೆ ಇಡಿ. ನೀರು ಪೆಟ್ರೋಲಿಗಿಂತ ಭಾರ, ಅಡಿಯಲ್ಲಿ ನಿಲ್ಲುತ್ತದೆ. ಎರಡರ ನಡುವೆ ಗೆರೆ ಎಳೆದ ಹಾಗೆ ಕಾಣುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಉಳಿದರೆ ಎಥನಾಲ್ ಮತ್ತು ನೀರು ಸೇರಿ ಕೆಳಗೆ ಬೇರೆ ಪದರವಾಗಿ ಕೂರಬಹುದು. ಅಂಥ ಪೆಟ್ರೋಲನ್ನು ಸರಿಮಾಡಲು ಹೋಗಬೇಡಿ, ಖಾಲಿ ಮಾಡಿ ಹೊಸದು ತುಂಬಿ. ಪೆಟ್ರೋಲಿನ ಕೆಲಸ ಯಾವಾಗಲೂ ಬಯಲಲ್ಲಿ, ಬೆಂಕಿಯಿಂದ ದೂರ.

ಉಳಿದದ್ದು ಬೇಗ ಮುಗಿಯುತ್ತದೆ. ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದು ಸಾಲಾಗಿ ಇಡಿ. ಒಂದು ಮಾತ್ರ ಕಪ್ಪಾಗಿ ಒದ್ದೆಯಾಗಿದ್ದರೆ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಸಿಲಿಂಡರ್‌ಗಳ ನಡುವೆ ಶೇ. 10-15ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಹಿಂದಿನಿಂದ ಚಿಮ್ಮುವ ಕೂಲಿಂಗ್ ನೀರಿನ ಧಾರೆ ಗಟ್ಟಿಯಾಗಿರಬೇಕು. ಬಿಸಿಯಾದರೆ ಹೊಸ ಎಂಜಿನ್‌ಗಳು ತಾವೇ ಆರ್‌ಪಿಎಂ ಇಳಿಸಿಕೊಳ್ಳುತ್ತವೆ, ಆದರೆ ಆಗ ಅಲಾರಾಂ ಹೊಡೆಯುತ್ತದೆ, ನಿಮಗೆ ಗೊತ್ತಾಗದೆ ಇರುವುದಿಲ್ಲ. ನಿಮ್ಮ ಕೆರೆ ಎತ್ತರದ ಜಾಗದಲ್ಲಿದ್ದರೆ ಅದನ್ನೂ ಲೆಕ್ಕ ಹಾಕಿ. ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಏರಿದಂತೆ ಎಂಜಿನ್ನಿನ ಶಕ್ತಿ ಸುಮಾರು ಶೇ. 3ರಷ್ಟು ಇಳಿಯುತ್ತದೆ.

ಈಗ ಪ್ರೊಪೆಲ್ಲರ್‌ಗೆ ಬರೋಣ. ನನ್ನ ಲೆಕ್ಕದಲ್ಲಿ ನಿಮ್ಮ ಬೋಟಿನ ದೊಡ್ಡ ತೊಂದರೆ ಇಲ್ಲೇ ಇದೆ.

ಪಿಚ್ 15 ಎಂದರೆ ಪ್ರೊಪೆಲ್ಲರ್ ಒಂದು ಸುತ್ತು ತಿರುಗಿದಾಗ, ನೀರಿನಲ್ಲಿ ಸ್ವಲ್ಪವೂ ಜಾರದಿದ್ದರೆ, 15 ಇಂಚು ಮುಂದೆ ಹೋಗಬೇಕು. ನಿಜದಲ್ಲಿ ಸ್ವಲ್ಪ ಜಾರುತ್ತದೆ. ಎಷ್ಟು ಜಾರುತ್ತಿದೆ ಎಂದು ನೀವೇ ಲೆಕ್ಕ ಹಾಕಬಹುದು. ಆರ್‌ಪಿಎಂ ಅನ್ನು ಪಿಚ್‌ನಿಂದ ಗುಣಿಸಿ, ಬಂದದ್ದನ್ನು ಗೇರ್ ಅನುಪಾತದಿಂದ ಭಾಗಿಸಿ, ಅದನ್ನು 0.001524ರಿಂದ ಗುಣಿಸಿ. ಜಾರದೆ ಹೋಗಿದ್ದರೆ ಗಂಟೆಗೆ ಎಷ್ಟು ಕಿ.ಮೀ. ಓಡಬೇಕಿತ್ತು ಎಂದು ಬರುತ್ತದೆ. ಗೇರ್ ಅನುಪಾತ ಮ್ಯಾನುಯಲ್‌ನಲ್ಲಿ ಇರುತ್ತದೆ, ಉದಾಹರಣೆಗೆ 1.85 ಎಂದಿಟ್ಟುಕೊಳ್ಳೋಣ. 4700 ಗುಣಿಸು 15 ಎಂದರೆ 70,500. ಅದನ್ನು 1.85ರಿಂದ ಭಾಗಿಸಿದರೆ ಸುಮಾರು 38,100. ಕೊನೆಗೆ ಸಿಗುವುದು 58 ಕಿ.ಮೀ. ನೀವು ಓಡಿದ್ದು 46. ಅಂದರೆ ಜಾರಿಕೆ ಸುಮಾರು ಶೇ. 21.

ಇಂಥ ಹಗುರ ಬೋಟುಗಳಲ್ಲಿ ಫುಲ್ ಥ್ರಾಟಲ್‌ನಲ್ಲಿ ಶೇ. 10ರಿಂದ 20ರ ಒಳಗಿದ್ದರೆ ಮಾಮೂಲಿ. ನಿಮ್ಮದು ಅದಕ್ಕಿಂತ ಸ್ವಲ್ಪ ಮೇಲಿದೆ. ಆರ್‌ಪಿಎಂ ಕಡಿಮೆ, ಜಾರಿಕೆ ಜಾಸ್ತಿ, ಎರಡೂ ಒಟ್ಟಿಗೆ ಬಂದಿವೆ, ಅಲ್ವಾ? ಪ್ರೊಪೆಲ್ಲರ್ ಬರೀ ಹಿಡಿತ ತಪ್ಪಿದ್ದರೆ ಆರ್‌ಪಿಎಂ ಏರಬೇಕಿತ್ತು. ಎರಡೂ ಒಟ್ಟಿಗೆ ಬಂದಾಗ ಬೋಟ್ ಭಾರವಾಗಿದೆ ಅಥವಾ ತಳ ಹಿಡಿದೆಳೆಯುತ್ತಿದೆ, ಜೊತೆಗೆ ಪಿಚ್ ಕೂಡ ಆ ಹೊರೆಗೆ ಜಾಸ್ತಿಯಾಗಿದೆ ಎಂದು ಮೊದಲು ಅನುಮಾನಿಸಬೇಕು. ತೂಕದ ಬಗ್ಗೆ ಅಷ್ಟು ಒತ್ತಿ ಹೇಳಿದ್ದು ಇದಕ್ಕೇ. ಮೊದಲಿನ ಮಾಲೀಕರು ಒಬ್ಬರೇ ಓಡಾಡುತ್ತಿದ್ದರೆ ಅವರಿಗೆ 15 ಸರಿಯಾಗೇ ಇದ್ದಿರಬಹುದು.

ಪಿಚ್ ಒಂದು ಇಂಚು ಇಳಿಸಿದರೆ ಫುಲ್ ಥ್ರಾಟಲ್‌ನ ಆರ್‌ಪಿಎಂ ಸುಮಾರು 150ರಿಂದ 200 ಏರುತ್ತದೆ. 15ರಿಂದ 13ಕ್ಕೆ ಬಂದರೆ 300ರಿಂದ 400. ತೂಕ ಇಳಿಸಿ, ತಳ ತೊಳೆದು, ಕೇಬಲ್ ಸರಿಮಾಡಿದ ಮೇಲೆ ಈಗಿನ ಪ್ರೊಪೆಲ್ಲರ್‌ನಲ್ಲೇ 5000 ಮುಟ್ಟಿದಿರಿ ಎಂದಿಟ್ಟುಕೊಳ್ಳಿ, 13 ಹಾಕಿದರೆ 5300-5400 ಸಿಗುತ್ತದೆ. ನೀವು ಸಾಮಾನ್ಯವಾಗಿ ಎಷ್ಟು ಹೊರೆ ಹಾಕುತ್ತೀರೋ ಆ ಹೊರೆಯಲ್ಲಿ ಮಿತಿಯ ಮೇಲರ್ಧದಲ್ಲಿ, ಅಂದರೆ 5500ರ ಆಸುಪಾಸು ಬಂದರೆ ಬಹಳ ಒಳ್ಳೆಯದು. ಒಬ್ಬರೇ ಓಡಿಸಿದಾಗಲೂ 6000 ದಾಟಬಾರದು. ಇವೆರಡರ ನಡುವೆ ಕೂರುವ ಪಿಚ್ಚೇ ನಿಮ್ಮದು.

ಪಿಚ್ ಇಳಿಸಿದರೆ ಸ್ಪೀಡ್ ಹೋಗುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ನಿಮ್ಮ ಬೋಟಿನಲ್ಲಿ ಹೋಗುವುದಿಲ್ಲ. 5400 ಗುಣಿಸು 13 ಎಂದರೆ 70,200. ಮೊದಲು ಬಂದದ್ದು 70,500. ಹೆಚ್ಚು ಕಡಿಮೆ ಒಂದೇ. ಅದರ ಮೇಲೆ ಜಾರಿಕೆಯೂ ಇಳಿಯುವುದರಿಂದ ವೇಗ ಮೊದಲಿನಷ್ಟೇ ಇರುತ್ತದೆ, ಸ್ವಲ್ಪ ಏರಲೂಬಹುದು. ನಿಜವಾದ ಲಾಭ ಹೊರಡುವಾಗ. ನಾಲ್ಕು ಜನರನ್ನು ಕೂರಿಸಿಕೊಂಡು ಆ ಏರು ದಾಟುವ ಎಳೆಯುವ ಶಕ್ತಿ ಬರುತ್ತದೆ.

ಪ್ರೊಪೆಲ್ಲರ್‌ಗೆ ಮೂರು ರೆಕ್ಕೆಯೋ ನಾಲ್ಕೋ? ನಾಲ್ಕು ಜನ ಹೋಗುವುದೇ ಹೆಚ್ಚು ಎಂದಾದರೆ ನಾನು ನಾಲ್ಕು ರೆಕ್ಕೆಯ ಕಡೆ ವಾಲುತ್ತೇನೆ. ಕಡಿಮೆ ವೇಗದಲ್ಲೂ ಬೋಟನ್ನು ಪ್ಲೇನ್ ಮೇಲೆ ಹಿಡಿದಿಡುತ್ತದೆ, ತಿರುವಿನಲ್ಲಿ ಹಿಡಿತ ಚೆನ್ನಾಗಿರುತ್ತದೆ. ಗರಿಷ್ಠ ವೇಗ ಸ್ವಲ್ಪ ಕಡಿಮೆಯಾಗಬಹುದು, ಆರ್‌ಪಿಎಂ ಕೂಡ ಸ್ವಲ್ಪ ಇಳಿಯುತ್ತದೆ. ಹಾಗಾಗಿ ಪಿಚ್ ಆರಿಸುವಾಗ ಅದನ್ನು ಸೇರಿಸಿಕೊಂಡು ಲೆಕ್ಕ ಹಾಕಬೇಕು. ಸ್ಟೇನ್‌ಲೆಸ್ ಸ್ಟೀಲ್ ಬಾಗುವುದಿಲ್ಲ, ತೆಳುವಾಗಿರುತ್ತದೆ, ಚುರುಕು. ಆದರೆ ಕಲ್ಲಿಗೆ ತಾಗಿದರೆ ಪೆಟ್ಟು ಗೇರಿನವರೆಗೆ ಹೋಗಬಹುದು. ಸರಿಯಾದ ಪಿಚ್ ಯಾವುದೆಂದು ಹುಡುಕುವ ಹಂತದಲ್ಲಿ ಅಲ್ಯೂಮಿನಿಯಂ ಸಾಕು. ಯಾರಾದರೂ ಗೆಳೆಯರ ಬಳಿ ನಿಮ್ಮ ಎಂಜಿನ್ನಿಗೆ ಹೊಂದುವ ಬೇರೆ ಪಿಚ್ ಇದ್ದರೆ ಒಂದು ದಿನಕ್ಕೆ ಕೇಳಿ ತನ್ನಿ. ಕೊಳ್ಳುವ ಮೊದಲೇ ಉತ್ತರ ಸಿಗುತ್ತದೆ.

ಪ್ರೊಪೆಲ್ಲರ್ ಬಿಚ್ಚುವ ಮೊದಲು ಕೀ ತೆಗೆದು, ಕೆಂಪು ಹಗ್ಗವನ್ನೂ ಕಳಚಿ, ಗೇರ್ ನ್ಯೂಟ್ರಲ್‌ನಲ್ಲಿಡಿ. ರೆಕ್ಕೆಗೂ ಅದರ ಮೇಲಿರುವ ಎಂಜಿನ್ನಿನ ಚಪ್ಪಟೆ ಫಲಕಕ್ಕೂ ನಡುವೆ ಒಂದು ಮರದ ತುಂಡು ಸಿಕ್ಕಿಸಿದರೆ ನಟ್ ಬಿಚ್ಚುವಾಗ ತಿರುಗುವುದಿಲ್ಲ. ಪ್ರೊಪೆಲ್ಲರ್ ಹೊರಬಂದ ಮೇಲೆ ಶಾಫ್ಟ್ ಸುತ್ತ ಬೆರಳಾಡಿಸಿ ನೋಡಿ. ಮೀನು ಹಿಡಿಯುವ ನೈಲಾನ್ ದಾರ ವಾಷರ್ ಹಿಂದೆ ಸುತ್ತಿಕೊಂಡಿರುವುದು ಬಹಳ ಸಾಮಾನ್ಯ. ಅದು ಎಣ್ಣೆಯ ಸೀಲನ್ನು ಕತ್ತರಿಸಿ ಗೇರ್ ಬಾಕ್ಸಿಗೆ ನೀರು ಬಿಡುತ್ತದೆ. ಗೇರ್ ಎಣ್ಣೆ ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿದ್ದರೆ ನೀರು ಆಗಲೇ ಒಳಗೆ ಹೋಗಿದೆ, ಸೀಲ್ ಬದಲಿಸುವವರೆಗೆ ಓಡಿಸಬೇಡಿ. ಶಾಫ್ಟಿಗೆ ಗ್ರೀಸ್ ಹಚ್ಚಿಯೇ ಹೊಸದನ್ನು ಕೂರಿಸಿ. ಸ್ಪ್ಲಿಟ್ ಪಿನ್ ಹೊಸದೇ ಇರಲಿ.

ಇನ್ನು ತಿರುವಿನಲ್ಲಿ ಕಿರುಚುವುದು. ಪ್ರೊಪೆಲ್ಲರ್ ಗಾಳಿ ಎಳೆದುಕೊಂಡಾಗ ಹೀಗಾಗುತ್ತದೆ. ನೀರಿನ ಬದಲು ಗಾಳಿ ಬೆರೆತ ನೊರೆ ಸಿಕ್ಕರೆ ಅದಕ್ಕೆ ಹಿಡಿತವೇ ಇಲ್ಲ. ಮೊದಲು ಖರ್ಚಿಲ್ಲದ ಪರೀಕ್ಷೆ ಮಾಡಿ. ತಿರುಗಿಸುವ ಮುನ್ನ ಟ್ರಿಮ್ ಅನ್ನು, ಅಂದರೆ ಎಂಜಿನ್ನಿನ ಓರೆಯನ್ನು, ಪೂರ್ತಿ ಒಳಗೆ, ಬೋಟಿನ ಕಡೆಗೆ ತಂದು, ವೇಗ ಸ್ವಲ್ಪ ಇಳಿಸಿ ತಿರುಗಿಸಿ. ಕಿರುಚುವುದು ನಿಂತರೆ ನೀವು ಇಷ್ಟು ದಿನ ಟ್ರಿಮ್ ಹೊರಗಿಟ್ಟೇ ತಿರುಗಿಸುತ್ತಿದ್ದಿರಿ, ಅಷ್ಟೇ.

ಆಗಲೂ ನಿಲ್ಲದಿದ್ದರೆ ಎಂಜಿನ್ ಎತ್ತರ ಅಳೆಯಿರಿ. ಪ್ರೊಪೆಲ್ಲರ್‌ನ ನೆತ್ತಿಯ ಮೇಲೆ ಒಂದು ಚಪ್ಪಟೆ ಫಲಕ ಇದೆಯಲ್ಲ, ಮೇಲಿನ ಗಾಳಿ ಕೆಳಗೆ ಇಳಿಯದಂತೆ ತಡೆಯುವುದೇ ಅದರ ಕೆಲಸ. ಬೋಟ್ ಟ್ರೇಲರ್ ಮೇಲಿರುವಾಗ ಎಂಜಿನ್ ನೇರವಾಗಿ ಇಳಿಸಿ, ತಳದ ನಡುಗೆರೆಗೆ ಅದೇ ಅಲ್ಯೂಮಿನಿಯಂ ಪಟ್ಟಿ ಒತ್ತಿ ಹಿಂದಕ್ಕೆ ಚಾಚಿ. ಫಲಕ ಆ ಪಟ್ಟಿಯ ಮಟ್ಟಕ್ಕೇ ಇದ್ದರೆ, ಅಥವಾ ಒಂದು ಇಂಚಿನವರೆಗೆ ಮೇಲಿದ್ದರೆ ಸರಿ. ಎರಡು ಇಂಚು ಮೇಲಿದ್ದರೆ ಒಂದು ತೂತು ಕೆಳಗಿಳಿಸಬೇಕು. ಬೋಲ್ಟಿನ ತೂತುಗಳು ಸಾಮಾನ್ಯವಾಗಿ ಮುಕ್ಕಾಲು ಇಂಚು ಅಂತರದಲ್ಲಿರುತ್ತವೆ. ಫಲಕ ಪಟ್ಟಿಗಿಂತ ಕೆಳಗಿದ್ದರೆ ಎಂಜಿನ್ ಸುಮ್ನೆ ನೀರನ್ನು ಎಳೆದುಕೊಂಡು ಹೋಗುತ್ತಿದೆ, ಅದೂ ವೇಗಕ್ಕೆ ನಷ್ಟವೇ. ಎಂಜಿನ್ ಎತ್ತಲು ಚೈನ್ ಬ್ಲಾಕ್ ಬೇಕು. ಬೋಲ್ಟಿನ ತೂತುಗಳಿಗೆ ನೀರಿಗೆ ತಡೆಯುವ ಸೀಲಂಟ್ ಮತ್ತೆ ಹಾಕಲೇಬೇಕು, ಇಲ್ಲದಿದ್ದರೆ ಟ್ರಾನ್ಸಮ್ ಕೊಳೆಯುವುದಕ್ಕೆ ಅಲ್ಲಿಂದಲೇ ಶುರು.

ಪ್ರೊಪೆಲ್ಲರ್‌ಗೆ ನೇರ ಮುಂದೆ ಮೀನು ಹುಡುಕುವ ಯಂತ್ರದ ಸೆನ್ಸರ್ ಏನಾದರೂ ತೂಗುತ್ತಿದೆಯಾ ನೋಡಿ. ಅದರ ಹಿಂದೆ ಏಳುವ ಗುಳ್ಳೆಗಳು ನೇರವಾಗಿ ಪ್ರೊಪೆಲ್ಲರ್‌ಗೇ ಹೋಗುತ್ತವೆ. ಒಂದು ಅಡಿ ಪಕ್ಕಕ್ಕೆ ಸರಿಸಿದರೆ ಸಾಕಾಗುತ್ತದೆ. ನೇರ ಓಡುವಾಗಲೂ, ಥ್ರಾಟಲ್ ಜೋರಾಗಿ ಕೊಟ್ಟಾಗ ಎಂಜಿನ್ ಕಿರುಚಿದರೆ ಮಾತ್ರ ಪ್ರೊಪೆಲ್ಲರ್ ಒಳಗಿನ ರಬ್ಬರ್ ಜಾರುತ್ತಿರಬಹುದು. ಹಿಂದಿನಿಂದ ನೋಡಿದಾಗ ಕಾಣುವ ಒಳಗಿನ ಹಬ್‌ನಿಂದ ಹೊರಗಿನ ಬಳೆಯವರೆಗೆ ಪೇಂಟ್ ಪೆನ್ನಿನಲ್ಲಿ ಒಂದು ನೇರ ಗೆರೆ ಎಳೆಯಿರಿ. ಒಮ್ಮೆ ಓಡಿಸಿ ಬಂದು ನೋಡಿ. ಗೆರೆ ತುಂಡಾಗಿ ಎರಡು ಕಡೆ ಸರಿದಿದ್ದರೆ ರಬ್ಬರ್ ಹೋಗಿದೆ.

ಇಷ್ಟೆಲ್ಲ ಆದ ಮೇಲೆ ಓಡಿಸುವ ರೀತಿ. ನಾಲ್ವರಿದ್ದಾಗ ಹೊರಡುವ ಮೊದಲು ಟ್ರಿಮ್ ಪೂರ್ತಿ ಒಳಗಿರಲಿ. ಇಬ್ಬರನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ಮೂತಿಯ ಅಂಚಿನ ಮೇಲೆ ಮಾತ್ರ ಯಾರೂ ಕೂರಬಾರದು. ಪೆಟ್ರೋಲ್ ಕ್ಯಾನ್, ಐಸ್ ಬಾಕ್ಸ್ ಆದಷ್ಟು ಮುಂದಕ್ಕೆ. ಥ್ರಾಟಲ್ ಅನ್ನು ಒಂದೇ ಹದದಲ್ಲಿ ಪೂರ್ತಿ ಕೊಡಿ. ಮೂತಿ ಇಳಿದು ಬೋಟ್ ಸಮವಾದೊಡನೆ ಟ್ರಿಮ್ ಗುಂಡಿಯನ್ನು ಒಂದೊಂದೇ ಸಲ ಒತ್ತುತ್ತಾ ಹೊರಕ್ಕೆ ತನ್ನಿ. ಕಣ್ಣು ಜಿಪಿಎಸ್ ಮೇಲೆ, ಆಗಾಗ ನೀರಿನ ಮೇಲೆ. ವೇಗವೂ ಆರ್‌ಪಿಎಂ ಕೂಡ ಏರುತ್ತಾ ಹೋಗುತ್ತವೆ. ಒಂದು ಹಂತದಲ್ಲಿ ವೇಗ ನಿಂತು ಆರ್‌ಪಿಎಂ ಮಾತ್ರ ಏರುತ್ತದೆ. ಅಲ್ಲಿಂದ ಒಂದು ಒತ್ತು ಹಿಂದಕ್ಕೆ. ಮೂತಿ ಕುಪ್ಪಳಿಸಲು ಶುರುವಾದರೂ ಹಾಗೇ, ಸ್ವಲ್ಪ ಒಳಕ್ಕೆ. ವೇಗದಲ್ಲಿ ಹೋಗುವಾಗ ಟ್ರಿಮ್ ಪೂರ್ತಿ ಒಳಗೇ ಇಡುವುದೂ ಅಪಾಯ. ಮೂತಿ ನೀರಿಗೆ ಹೂತು, ಸ್ಟೀರಿಂಗ್ ಗಟ್ಟಿಯಾಗಿ, ಬೋಟ್ ಇದ್ದಕ್ಕಿದ್ದಂತೆ ಒಂದು ಕಡೆಗೆ ಎಳೆಯಬಹುದು.

ಹೈಡ್ರೋಫಾಯಿಲ್ ಬಗ್ಗೆ ಕೇಳಿದ್ದಿರಿ. ಅದು ಮೋಸವೇನಲ್ಲ. ಹಿಂಭಾಗವನ್ನು ಎತ್ತಿ ಬೇಗ ಪ್ಲೇನ್ ಆಗಲು ನೆರವಾಗುತ್ತದೆ. ಆದರೆ ಹಲವು ಮಾದರಿಗಳಿಗೆ ಪ್ರೊಪೆಲ್ಲರ್ ಮೇಲಿನ ಆ ಚಪ್ಪಟೆ ಫಲಕದಲ್ಲೇ ತೂತು ಕೊರೆಯಬೇಕು. ಗರಿಷ್ಠ ವೇಗ ಸ್ವಲ್ಪ ಹೋಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ನೀರು ಕುಡಿದ ಫೋಮ್ ಅಥವಾ ತಪ್ಪು ಪಿಚ್ ಇರುವಾಗ ಹಾಕಿದರೆ ತೊಂದರೆ ಮರೆಯಾಗುತ್ತದೆಯೇ ಹೊರತು ಹೋಗುವುದಿಲ್ಲ. ಎಲ್ಲ ಸರಿಮಾಡಿದ ಮೇಲೂ ಮೂತಿ ಎತ್ತುವುದು ಉಳಿದರೆ ಟ್ರಾನ್ಸಮ್‌ಗೆ ಜೋಡಿಸುವ ಟ್ರಿಮ್ ಟ್ಯಾಬ್ ಎಂಬ ಪುಟ್ಟ ತಗಡುಗಳನ್ನು ನಾನು ಮೊದಲು ನೋಡುತ್ತೇನೆ. ಎಡ ಬಲ ಬೇರೆ ಬೇರೆಯಾಗಿ ಹೊಂದಿಸಬಹುದು, ಜನ ಒಂದು ಕಡೆ ಕೂತು ಬೋಟ್ ವಾಲಿದರೂ ಸರಿಮಾಡಬಹುದು.

90 ಎಚ್‌ಪಿ ಮಾತು ಕೊನೆಗೆ. ನಾಲ್ವರ ಹೊರೆಯಲ್ಲಿ ಎಂಜಿನ್ 5500ರ ಹತ್ತಿರ ತಿರುಗಿಯೂ ಪ್ಲೇನ್ ಆಗದಿದ್ದರೆ, ಆಗ ನಿಜವಾಗಿಯೂ ಶಕ್ತಿ ಸಾಲದು ಎನ್ನಬಹುದು. ಆಗಲೂ ಮೊದಲು ಬೋಟಿನ ಮೇಲೆ ಅಂಟಿಸಿರುವ ಸಾಮರ್ಥ್ಯದ ಫಲಕ ಓದಿ. ಗರಿಷ್ಠ ಎಷ್ಟು ಎಚ್‌ಪಿ, ಎಷ್ಟು ಜನ, ಎಷ್ಟು ಕಿಲೋ ಎಂದು ಅದರಲ್ಲಿ ಇರುತ್ತದೆ. ಫಲಕ ಕಿತ್ತುಹೋಗಿದ್ದರೆ ತಯಾರಿಸಿದವರನ್ನು ಕೇಳಿ. 90 ಎಚ್‌ಪಿ ಎಂಜಿನ್ ನಿಮ್ಮ 60ಕ್ಕಿಂತ ಹತ್ತಾರು ಕಿಲೋ ಭಾರವಿರುತ್ತದೆ, ಆ ಭಾರವೆಲ್ಲ ಟ್ರಾನ್ಸಮ್‌ನ ತುದಿಗೇ ಬೀಳುತ್ತದೆ. ಫಲಕದಲ್ಲಿ 90ಕ್ಕೆ ಅನುಮತಿ ಇದ್ದು, ತಟ್ಟಿ ನೋಡಿದಾಗ ಟ್ರಾನ್ಸಮ್ ಗಟ್ಟಿಯಾಗಿದ್ದರೆ ಹಾಕಿಸಿಕೊಳ್ಳಿ. ಫಲಕದಲ್ಲಿ 70 ಎಂದಿದ್ದರೆ 70ಕ್ಕೇ ನಿಲ್ಲಿಸಿ.